ಮಕ್ಕಳು ಎಷ್ಟು ಕಲಿತರು? ಕಲಿಕಾ ಸಮೀಕ್ಷೆಯ ಅಂಕಿಗಳನ್ನು ಓದುವ ಬಗೆ

ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ದಾರಿಗಳು ಎರಡು. ಒಂದು ಪರೀಕ್ಷೆ, ಇನ್ನೊಂದು ಸಮೀಕ್ಷೆ. ಪರೀಕ್ಷೆ ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ತೀರ್ಪು ಕೊಡುತ್ತದೆ: ಪಾಸೋ ಫೇಲೋ, ಎಷ್ಟು ಅಂಕ, ಯಾವ ದರ್ಜೆ. ಸಮೀಕ್ಷೆಗೆ ಒಬ್ಬ ವಿದ್ಯಾರ್ಥಿಯ ಅಂಕ ಮುಖ್ಯವಲ್ಲ. ಒಂದು ಜಿಲ್ಲೆಯ, ರಾಜ್ಯದ ಅಥವಾ ದೇಶದ ಮಕ್ಕಳು ಒಟ್ಟಾರೆ ಎಲ್ಲಿದ್ದಾರೆ, ಹಿಂದಿನ ಸಲಕ್ಕಿಂತ ಮುಂದೆ ಬಂದಿದ್ದಾರೆಯೇ, ಯಾವ ಗುಂಪಿನವರು ಹಿಂದುಳಿದಿದ್ದಾರೆ, ಅವರ ಮನೆ ಮತ್ತು ಶಾಲೆಯ ಸ್ಥಿತಿ ಹೇಗಿದೆ ಎಂಬುದನ್ನು ಅದು ಹುಡುಕುತ್ತದೆ.

ಪರೀಕ್ಷೆಯ ಫಲಿತಾಂಶವನ್ನೇ ಈ ಕೆಲಸಕ್ಕೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಎಸ್ಸೆಸ್ಸೆಲ್ಸಿ ಒಳ್ಳೆಯ ಉದಾಹರಣೆ. 2023ರಲ್ಲಿ ಶೇ. 83.89ರಷ್ಟಿದ್ದ ಉತ್ತೀರ್ಣ ಪ್ರಮಾಣ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳು ಇಷ್ಟೊಂದು ದಡ್ಡರಾದರು ಎಂದು ಯಾರೂ ಹೇಳಲಾರರು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು, ಕೃಪಾಂಕದ ನಿಯಮವೂ ಬದಲಾಗಿತ್ತು. ಅಳೆಯುವ ಕೋಲೇ ಬದಲಾದಾಗ ಅಳತೆಯ ಏರಿಳಿತಕ್ಕೆ ಕಲಿಕೆಯೊಂದೇ ಕಾರಣವೆನ್ನಲು ಬರುವುದಿಲ್ಲ. ಅದೇ ವರ್ಷ ಉಡುಪಿಯಲ್ಲಿ ಶೇ. 94, ಯಾದಗಿರಿಯಲ್ಲಿ ಶೇ. 50.59 ಮಕ್ಕಳು ಪಾಸಾದರು, ಬಾಲಕಿಯರು ಶೇ. 81.11, ಬಾಲಕರು ಶೇ. 65.90. ಅಂತರ ಎದ್ದು ಕಾಣುತ್ತದೆ. ಆದರೆ ಅದು ಯಾವ ತರಗತಿಯಲ್ಲಿ ಹುಟ್ಟಿತು, ಯಾವ ಮಕ್ಕಳ ನಡುವೆ ಬೆಳೆಯಿತು ಎಂಬುದು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ಆ ಮಾಹಿತಿಗಾಗಿಯೇ ಸಮೀಕ್ಷೆಗಳು ಹುಟ್ಟಿಕೊಂಡವು.

ಕೋಲ್ಮನ್ ವರದಿ

ಇಂಥ ಸಮೀಕ್ಷೆಗಳ ಚರಿತ್ರೆಯಲ್ಲಿ ಮೊದಲ ದೊಡ್ಡ ಹೆಸರು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರದು. ಜನಾಂಗ, ಬಣ್ಣ, ಧರ್ಮಗಳ ಕಾರಣಕ್ಕೆ ಶಿಕ್ಷಣದ ಅವಕಾಶ ಎಷ್ಟರಮಟ್ಟಿಗೆ ತಪ್ಪುತ್ತಿದೆ ಎಂದು ತಿಳಿದು ವರದಿ ಮಾಡಬೇಕೆಂದು ಆ ದೇಶದ 1964ರ ನಾಗರಿಕ ಹಕ್ಕುಗಳ ಕಾಯ್ದೆ ವಿಧಿಸಿತ್ತು. ಅದರಂತೆ ಸುಮಾರು 4,000 ಶಾಲೆಗಳಲ್ಲಿ 6 ಲಕ್ಷದಷ್ಟು ವಿದ್ಯಾರ್ಥಿಗಳಿಂದಲೂ 60,000 ಶಿಕ್ಷಕರಿಂದಲೂ ಮಾಹಿತಿ ಪಡೆಯಲಾಯಿತು. ವರದಿ ಹೊರಬಂದದ್ದು 1966ರಲ್ಲಿ.

ಕರಿಯರ ಶಾಲೆಗಳಲ್ಲಿ ಕಟ್ಟಡ, ಪುಸ್ತಕ, ಪ್ರಯೋಗಾಲಯಗಳ ಕೊರತೆ ಇದೆ, ಕಲಿಕೆ ಹಿಂದುಳಿದಿರುವುದು ಅದರಿಂದಲೇ ಎಂಬ ನಿರೀಕ್ಷೆ ವ್ಯಾಪಕವಾಗಿತ್ತು. ಅಂಕಿಗಳು ಬೇರೆಯದನ್ನೇ ಹೇಳಿದವು. ಶಾಲಾ ಸೌಲಭ್ಯಗಳಲ್ಲಿನ ವ್ಯತ್ಯಾಸ ಊಹಿಸಿದ್ದಕ್ಕಿಂತ ಕಡಿಮೆಯಿತ್ತು, ಕಲಿಕೆಯ ಅಂತರ ಮಾತ್ರ ದೊಡ್ಡದಿತ್ತು. ಆ ಅಂತರದೊಂದಿಗೆ ಗಟ್ಟಿಯಾಗಿ ತಳಕು ಹಾಕಿಕೊಂಡಿದ್ದುದು ಮಗುವಿನ ಕುಟುಂಬದ ಹಿನ್ನೆಲೆ ಮತ್ತು ಸಹಪಾಠಿಗಳ ಹಿನ್ನೆಲೆ. ತನ್ನ ಬದುಕು ತನ್ನ ಪ್ರಯತ್ನದಿಂದ ಬದಲಾಗಬಲ್ಲದು ಎಂದು ನಂಬಿದ ಮಗುವಿನ ಸಾಧನೆ ಹೆಚ್ಚಿರುತ್ತದೆ ಎಂಬುದೂ ಮಕ್ಕಳು ಕೊಟ್ಟ ಉತ್ತರಗಳಿಂದ ಕಂಡುಬಂತು.

ವರದಿಯನ್ನು ‘ಶಾಲೆಯಿಂದ ಏನೂ ಆಗುವುದಿಲ್ಲ’ ಎಂದು ಓದಿದವರೂ ಇದ್ದರು. ಅದು ಅಂಕಿಗಳು ಹೇಳಿದ್ದಕ್ಕಿಂತ ಹೆಚ್ಚಿನ ಮಾತು. ಒಂದೇ ಸಲ ತೆಗೆದ ಮಾಹಿತಿಯಿಂದ ಒಬ್ಬ ಶಿಕ್ಷಕಿ ಒಂದು ವರ್ಷದಲ್ಲಿ ಎಷ್ಟು ಕಲಿಸಿದಳೆಂದು ಬೇರ್ಪಡಿಸಿ ನೋಡುವುದು ಸಾಧ್ಯವಿರಲಿಲ್ಲ. ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದ ನಂತರದ ಅಧ್ಯಯನಗಳು ಶಿಕ್ಷಕರಿಂದ ಶಿಕ್ಷಕರಿಗೆ ಕಲಿಕೆಯಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ ಎಂದು ತೋರಿಸಿದವು. ಆದರೂ ಅಂಕದ ಪಕ್ಕದಲ್ಲಿ ಮಗುವಿನ ಮನೆ, ಶಾಲೆ, ಮನಸ್ಸುಗಳ ಮಾಹಿತಿಯನ್ನು ಇಟ್ಟು ನೋಡುವ ಕ್ರಮ ಅಲ್ಲಿಂದ ನೆಲೆಯೂರಿತು.

ಭಾರತದ ಎರಡು ಮಾದರಿಗಳು

ಭಾರತದಲ್ಲಿ ಈಗ ನಡೆಯುವ ದೊಡ್ಡ ಸಮೀಕ್ಷೆಗಳಲ್ಲಿ ಎರಡು ಬಗೆಗಳಿವೆ. ಒಂದು ಮನೆಗೆ ಹೋಗುತ್ತದೆ, ಇನ್ನೊಂದು ಶಾಲೆಗೆ ಹೋಗುತ್ತದೆ.

ಮನೆಗೆ ಹೋಗುವುದು ‘ಅಸರ್’. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಇದು ಗ್ರಾಮೀಣ ಭಾರತಕ್ಕೆ ಸೀಮಿತ. ಪ್ರತಿ ಜಿಲ್ಲೆಯಲ್ಲಿ 30 ಹಳ್ಳಿ, ಪ್ರತಿ ಹಳ್ಳಿಯಲ್ಲಿ 20 ಮನೆ ಎಂಬುದು ಅದರ ಲೆಕ್ಕ. ಆಯ್ದ ಮನೆಗಳಲ್ಲಿ 5ರಿಂದ 16 ವರ್ಷದೊಳಗಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಲಾಗುತ್ತದೆ. ಮೊದಲು ಒಂದನೇ ತರಗತಿ ಮಟ್ಟದ ನಾಲ್ಕು ಸಾಲು. ಓದಿದರೆ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಓದದಿದ್ದರೆ ಬಿಡಿ ಪದ. ಅದೂ ಬಾರದಿದ್ದರೆ ಅಕ್ಷರ. ಗಣಿತದಲ್ಲಿ ಅಂಕಿ ಗುರುತಿಸುವುದು, ದಶಕ ಎರವಲು ಪಡೆದು ಕಳೆಯುವುದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಮಗು ಯಾವ ತರಗತಿಯಲ್ಲೇ ಇರಲಿ, ಪ್ರಶ್ನೆ ಇದೇ. ಆದ್ದರಿಂದ ಶಾಲೆ ಬಿಟ್ಟವರೂ ಗೈರುಹಾಜರಾದವರೂ ಖಾಸಗಿ ಶಾಲೆಯವರೂ ಒಂದೇ ಅಳತೆಯಲ್ಲಿ ಸೇರುತ್ತಾರೆ. ಎರಡನೇ ತರಗತಿಯ ಕಥೆ ಸರಾಗವಾಗಿ ಓದುವ ಮಗು ಅದರಾಚೆ ಎಷ್ಟು ಬಲ್ಲದು ಎಂಬುದು ಮಾತ್ರ ಈ ಅಳತೆಗೆ ನಿಲುಕದು.

ಶಾಲೆಗೆ ಹೋಗುವುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ. 2021ರ ನವೆಂಬರ್ 12ರಂದು 3, 5, 8 ಮತ್ತು 10ನೇ ತರಗತಿಗಳ ಸುಮಾರು 34 ಲಕ್ಷ ಮಕ್ಕಳು 720 ಜಿಲ್ಲೆಗಳಲ್ಲಿ ಅದರಲ್ಲಿ ಭಾಗವಹಿಸಿದರು. ಮುಂದೆ ಅದರ ಹೆಸರು ‘ಪರಖ್ ರಾಷ್ಟ್ರೀಯ ಸರ್ವೇಕ್ಷಣ’ ಎಂದಾಯಿತು. 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳು 781 ಜಿಲ್ಲೆಗಳಲ್ಲಿ ಉತ್ತರಿಸಿದರು. ಇಲ್ಲಿ ಪ್ರಶ್ನೆಗಳು ಆಯಾ ತರಗತಿಯ ಕಲಿಕಾ ಫಲಗಳಿಗೆ ತಕ್ಕಂತೆ ಇರುತ್ತವೆ. ಮೂರನೇ ತರಗತಿಯವರಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಅಥವಾ ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲವರು ಶೇ. 55 ಮತ್ತು ಆರನೇ ತರಗತಿಯವರಲ್ಲಿ ಹತ್ತರವರೆಗಿನ ಮಗ್ಗಿ ಬಲ್ಲವರು ಶೇ. 53 ಎಂದು ಈ ಸಮೀಕ್ಷೆ ಹೇಳಿತು.

ಗಣಿತದ ರಾಷ್ಟ್ರೀಯ ಸರಾಸರಿ ಮೂರನೇ ತರಗತಿಯಲ್ಲಿ ಶೇ. 60, ಆರನೇ ತರಗತಿಯಲ್ಲಿ ಶೇ. 46, ಒಂಬತ್ತನೇ ತರಗತಿಯಲ್ಲಿ ಶೇ. 37. ಈ ಮೂರು ಅಂಕಿಗಳನ್ನು ಸಾಲಾಗಿಟ್ಟು ‘ಮಕ್ಕಳು ಬೆಳೆದಂತೆಲ್ಲ ಗಣಿತ ಮರೆಯುತ್ತಾರೆ’ ಎಂದು ಓದುವುದು ತಪ್ಪು. ಮೂರು ತರಗತಿಗಳ ಪ್ರಶ್ನೆಪತ್ರಿಕೆಗಳು ಬೇರೆ ಬೇರೆ. ಪ್ರತಿ ಹಂತದಲ್ಲೂ ಪಠ್ಯಕ್ರಮ ಕೇಳುವುದಕ್ಕೂ ಮಕ್ಕಳು ಬಲ್ಲದ್ದಕ್ಕೂ ನಡುವಿನ ದೂರ ಹೆಚ್ಚುತ್ತಿದೆ ಎಂದಷ್ಟೇ ಅವು ಹೇಳುತ್ತವೆ.

ಮಕ್ಕಳನ್ನೇ ಕೇಳುವುದು

ಅಂಕದ ಜೊತೆಗೆ ಬರುವ ಪ್ರಶ್ನಾವಳಿಯೇ ಸಮೀಕ್ಷೆಯ ಜೀವಾಳ. ತಾಯಿ ಎಷ್ಟು ಓದಿದ್ದಾರೆ, ಮನೆಯಲ್ಲಿ ಮಾತಾಡುವ ಭಾಷೆಯೇ ಶಾಲೆಯಲ್ಲೂ ಇದೆಯೇ, ಪಠ್ಯದ ಹೊರತಾಗಿ ಓದುವ ಪುಸ್ತಕಗಳಿವೆಯೇ, ಶಾಲೆಗೆ ಹೇಗೆ ಬರುತ್ತಾರೆ, ಅರ್ಥವಾಗದಿದ್ದರೆ ಶಿಕ್ಷಕರನ್ನು ಕೇಳಲು ಹೆದರಿಕೆಯಾಗುತ್ತದೆಯೇ ಎಂಬ ಬಗೆಯ ಪ್ರಶ್ನೆಗಳಿಂದ ಅಂಕಗಳಿಗೆ ಅರ್ಥ ಬರುತ್ತದೆ.

ಮನೆಯ ಆದಾಯ ಎಷ್ಟೆಂದು ಮಗುವನ್ನು ಕೇಳಿ ಪ್ರಯೋಜನವಿಲ್ಲ, ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಮಗು ಕಣ್ಣಾರೆ ಕಂಡದ್ದನ್ನು ಕೇಳಲಾಗುತ್ತದೆ. 15 ವರ್ಷದ ವಿದ್ಯಾರ್ಥಿಗಳಿಗಾಗಿ 2000ದಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಪೀಸಾ ಸಮೀಕ್ಷೆ ತಂದೆತಾಯಿಯ ಓದು, ಉದ್ಯೋಗ, ಮನೆಯಲ್ಲಿರುವ ವಸ್ತುಗಳು, ಪುಸ್ತಕಗಳು ಇವನ್ನೆಲ್ಲ ಸೇರಿಸಿ ಒಂದು ಸೂಚ್ಯಂಕ ಮಾಡುತ್ತದೆ. 2022ರ ಸುತ್ತಿನಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ದೇಶಗಳ ಸರಾಸರಿಯಂತೆ, ಈ ಸೂಚ್ಯಂಕದ ಮೇಲಿನ ಕಾಲು ಭಾಗದ ಮಕ್ಕಳಿಗೂ ಕೆಳಗಿನ ಕಾಲು ಭಾಗದ ಮಕ್ಕಳಿಗೂ ಗಣಿತದಲ್ಲಿ 93 ಅಂಕಗಳ ಅಂತರವಿತ್ತು. ಆದರೆ ಕೆಳಗಿನ ಕಾಲು ಭಾಗದವರಲ್ಲೇ ಸುಮಾರು ಶೇ. 10 ಮಕ್ಕಳು ತಮ್ಮ ದೇಶದ ಅತ್ಯುತ್ತಮರ ಸಾಲಿನಲ್ಲಿದ್ದರು. ಬಡತನ ಕಲಿಕೆಯನ್ನು ಜಗ್ಗುತ್ತದೆ, ಎಲ್ಲರನ್ನೂ ಒಂದೇ ರೀತಿ ಜಗ್ಗುವುದಿಲ್ಲ ಎಂಬುದು ಎರಡೂ ಅಂಕಿಗಳನ್ನು ಒಟ್ಟಿಗೆ ಓದಿದಾಗ ತಿಳಿಯುತ್ತದೆ.

ಭಾರತದ 2021ರ ಸಮೀಕ್ಷೆಯಲ್ಲಿ ಶೇ. 48 ಮಕ್ಕಳು ಶಾಲೆಗೆ ನಡೆದೇ ಬರುತ್ತೇವೆಂದರು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಮೊಬೈಲ್‌ನಂಥ ಡಿಜಿಟಲ್ ಸಾಧನವೇ ಇರಲಿಲ್ಲ ಎಂದವರು ಶೇ. 24, ಮನೆಯಲ್ಲಿ ಕಲಿಯುವುದು ಕಷ್ಟವಾಯಿತು ಎಂದವರು ಶೇ. 38. ಇದೇ ಸಮೀಕ್ಷೆಯಲ್ಲಿ ಶಾಲೆಗೆ ಬರಲು ಇಷ್ಟ ಎಂದವರು ಶೇ. 96. ಕೊನೆಯ ಅಂಕಿ ಖುಷಿ ಕೊಡುತ್ತದೆ, ಕೆಲಸಕ್ಕೆ ಬರುವುದು ಕಡಿಮೆ. ಬಹುತೇಕ ಎಲ್ಲರೂ ‘ಹೌದು’ ಎನ್ನುವ ಪ್ರಶ್ನೆ ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವುದಿಲ್ಲ. ಶಾಲೆಯ ಬೆಂಚಿನ ಮೇಲೆ ಕೂತು, ಮೇಷ್ಟ್ರ ಎದುರಿನಲ್ಲಿ ಉತ್ತರ ಗುರುತಿಸುವ ಮಗು ದೊಡ್ಡವರಿಗೆ ಹಿತವಾದದ್ದನ್ನೇ ಗುರುತಿಸುವ ಸಾಧ್ಯತೆಯೂ ಇದೆ.

ಪ್ರಶ್ನೆ ಖಚಿತವಾದಷ್ಟೂ ಉತ್ತರದ ಬೆಲೆ ಹೆಚ್ಚು. ಅಮೆರಿಕದಲ್ಲಿ 2009ರಿಂದ ಕೆಲವು ವರ್ಷ ನಡೆದ, ಸುಮಾರು 3,000 ಶಿಕ್ಷಕರನ್ನು ಒಳಗೊಂಡ ಒಂದು ದೊಡ್ಡ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ತರಗತಿಯ ಬಗ್ಗೆ ಪ್ರಶ್ನೆ ಕೇಳಲಾಯಿತು. ‘ನಿಮ್ಮ ಶಿಕ್ಷಕರು ಒಳ್ಳೆಯವರೇ?’ ಎಂದು ಕೇಳಲಿಲ್ಲ. ತರಗತಿಯಲ್ಲಿ ಸಮಯ ಪೋಲಾಗುತ್ತದೆಯೇ, ಪಾಠ ಅರ್ಥವಾಯಿತೇ ಎಂದು ಶಿಕ್ಷಕರು ಖಾತ್ರಿ ಮಾಡಿಕೊಳ್ಳುತ್ತಾರೆಯೇ ಎಂಬಂಥ, ಮಕ್ಕಳು ದಿನವೂ ಕಾಣುವ ಸಂಗತಿಗಳನ್ನು ಕೇಳಲಾಯಿತು. ತರಗತಿ ಶಿಸ್ತಾಗಿ ನಡೆಯುತ್ತದೆ, ಶಿಕ್ಷಕರು ಕಷ್ಟಪಟ್ಟು ಯೋಚಿಸುವಂತೆ ಮಾಡುತ್ತಾರೆ ಎಂದು ಮಕ್ಕಳು ಹೇಳಿದ ಕಡೆ ಕಲಿಕೆಯ ಏರಿಕೆಯೂ ಹೆಚ್ಚಿತ್ತು.

ಪ್ರಗತಿಯನ್ನು ಅಳೆಯುವುದು

ಮಟ್ಟ ಬೇರೆ, ಪ್ರಗತಿ ಬೇರೆ. ಒಂದು ಶಾಲೆಯ ಐದನೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಓದಲು ಬರುತ್ತದೆ ಎಂಬುದು ಮಟ್ಟ. ಅದೇ ಮಕ್ಕಳಲ್ಲಿ ಎರಡು ವರ್ಷದ ಹಿಂದೆ ಎಷ್ಟು ಮಂದಿಗೆ ಬರುತ್ತಿತ್ತು ಎಂದು ತಿಳಿದರೆ ಪ್ರಗತಿ ಕಾಣುತ್ತದೆ. ಅಸರ್ ಅಂಕಿಗಳನ್ನು ಎರಡೂ ಬಗೆಯಲ್ಲಿ ಓದಬಹುದು.

ಮೊದಲ ಬಗೆಯಲ್ಲಿ, ಬೇರೆ ಬೇರೆ ವರ್ಷಗಳ ಒಂದೇ ತರಗತಿಯನ್ನು ಹೋಲಿಸಬೇಕು. ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಶೇ. 27.3, 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಕೊರೊನಾ ಕಾಲದ ಶಾಲಾ ಬಂದ್‌ನಿಂದ ಬಿದ್ದ ಕುಳಿ, ಅದರಿಂದ ಎದ್ದ ರೀತಿ ಎರಡೂ ಇಲ್ಲಿವೆ. ಕರ್ನಾಟಕದಲ್ಲಿ 2021ರ ಆರಂಭದಲ್ಲಿ ಅಸರ್ ತಂಡ ಪ್ರತ್ಯೇಕವಾಗಿ ಮನೆಮನೆ ಸಮೀಕ್ಷೆ ನಡೆಸಿತ್ತು. ಸರ್ಕಾರಿ ಶಾಲೆಯ ಮೂರನೇ ತರಗತಿಯವರಲ್ಲಿ 2018ರಲ್ಲಿ ಐವರಲ್ಲಿ ಒಬ್ಬರಷ್ಟು ಮಕ್ಕಳು ಆ ಪಠ್ಯ ಓದುತ್ತಿದ್ದರೆ, ಈ ಸಮೀಕ್ಷೆಯ ಹೊತ್ತಿಗೆ ಅದು ಹತ್ತರಲ್ಲಿ ಒಬ್ಬರಷ್ಟಕ್ಕೆ ಇಳಿದಿತ್ತು.

ಎರಡನೇ ಬಗೆಯಲ್ಲಿ, ಒಂದು ತಂಡದ ಮಕ್ಕಳನ್ನೇ ಹಿಂಬಾಲಿಸಬೇಕು. 2022ರಲ್ಲಿ ಮೂರನೇ ತರಗತಿಯಲ್ಲಿದ್ದವರು 2024ರಲ್ಲಿ ಐದನೇ ತರಗತಿಯಲ್ಲಿರುತ್ತಾರೆ. ಮೊದಲ ವರ್ಷ ಅವರಲ್ಲಿ ಐದನೇ ಒಂದು ಭಾಗ ಓದುತ್ತಿದ್ದರೆ, ಎರಡು ವರ್ಷದ ನಂತರ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಓದುತ್ತಿದ್ದರು. ಮಟ್ಟ ಬೇಸರ ತರಿಸಿದರೂ ಪ್ರಗತಿ ಸೊನ್ನೆಯಲ್ಲ. ಎರಡೂ ಸಲ ಪರೀಕ್ಷಿಸಿದ್ದು ಅದೇ ಮಕ್ಕಳನ್ನಲ್ಲ, ಅದೇ ತಂಡದ ಬೇರೆ ಮಾದರಿಯನ್ನು ಎಂಬುದನ್ನು ಮರೆಯಬಾರದು. ಅದೇ ಮಗುವಿನ ಬಳಿ ಮತ್ತೆ ಮತ್ತೆ ಹೋಗುವ ಅಧ್ಯಯನ ದುಬಾರಿ, ಆದ್ದರಿಂದ ಅಪರೂಪ. 2002ರಿಂದ ಅವಿಭಜಿತ ಆಂಧ್ರಪ್ರದೇಶ, ಇಥಿಯೋಪಿಯಾ, ಪೆರು, ವಿಯೆಟ್ನಾಂಗಳಲ್ಲಿ ಸುಮಾರು 12,000 ಮಕ್ಕಳನ್ನು ಹಿಂಬಾಲಿಸಿದ ‘ಯಂಗ್ ಲೈವ್ಸ್’ ಅಂಥದ್ದೊಂದು.

ಅಂತರವನ್ನು ಓದುವುದು

ಎರಡು ಗುಂಪುಗಳ ಸರಾಸರಿಯನ್ನು ಕಳೆದರೆ ಅಂತರ ಸಿಗುತ್ತದೆ. ಕಷ್ಟವಿರುವುದು ಅದರ ಅರ್ಥ ಹೇಳುವುದರಲ್ಲಿ. ಅಸರ್ ಪ್ರಕಾರ, ಐದನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಶೇ. 44.2, ಖಾಸಗಿ ಶಾಲೆಗಳಲ್ಲಿ ಶೇ. 65.1 ಇದ್ದರು, ಅಂತರ 20.9. 2022ರಲ್ಲಿ ಕ್ರಮವಾಗಿ ಶೇ. 38.5 ಮತ್ತು ಶೇ. 56.8; ಅಂತರ 18.3. ಅಂತರವೇನೋ ಕುಗ್ಗಿತು. ಆದರೆ ಹಿಂದಿದ್ದವರು ಮುಂದೆ ಬಂದಿರಲಿಲ್ಲ. ಇಬ್ಬರೂ ಕುಸಿದಿದ್ದರು, ಖಾಸಗಿ ಶಾಲೆಯವರು ಇನ್ನಷ್ಟು ಕುಸಿದಿದ್ದರು. ಆದ್ದರಿಂದ ಅಂತರದ ಅಂಕಿಯ ಪಕ್ಕದಲ್ಲಿ ಎರಡೂ ಗುಂಪುಗಳ ಮಟ್ಟವನ್ನು ಬರೆಯದ ವರದಿ ದಾರಿ ತಪ್ಪಿಸುತ್ತದೆ.

ಮಕ್ಕಳು ಗುಂಪು ಬದಲಿಸಿದಾಗ ಗೊಂದಲ ಇನ್ನೂ ಹೆಚ್ಚು. ಅದೇ ನಾಲ್ಕು ವರ್ಷಗಳಲ್ಲಿ 6ರಿಂದ 14 ವರ್ಷದ ಗ್ರಾಮೀಣ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ಹೋಗುವವರ ಪ್ರಮಾಣ ಶೇ. 65.6ರಿಂದ ಶೇ. 72.9ಕ್ಕೆ ಏರಿತು. ಇದರ ಪರಿಣಾಮ ಅರಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಒಂದೂರಿನ ಖಾಸಗಿ ಶಾಲೆಯಲ್ಲಿ 40 ಮಕ್ಕಳು, ಓದಬಲ್ಲವರು 28, ಅಂದರೆ ಶೇ. 70. ಸರ್ಕಾರಿ ಶಾಲೆಯಲ್ಲಿ 60 ಮಕ್ಕಳು, ಓದಬಲ್ಲವರು 24, ಅಂದರೆ ಶೇ. 40. ಫೀ ಕಟ್ಟಲಾಗದೆ 10 ಮಕ್ಕಳು ಖಾಸಗಿ ಶಾಲೆ ಬಿಟ್ಟು ಸರ್ಕಾರಿ ಶಾಲೆ ಸೇರುತ್ತಾರೆ. ಅವರಲ್ಲಿ 5 ಮಂದಿಗೆ ಓದಲು ಬರುತ್ತದೆ. ಈಗ ಖಾಸಗಿ ಶಾಲೆಯಲ್ಲಿ 30ಕ್ಕೆ 23, ಸುಮಾರು ಶೇ. 77. ಸರ್ಕಾರಿ ಶಾಲೆಯಲ್ಲಿ 70ಕ್ಕೆ 29, ಶೇ. 41ಕ್ಕಿಂತ ಹೆಚ್ಚು. ಎರಡೂ ಶಾಲೆಗಳ ಫಲಿತಾಂಶ ಏರಿತು, ಅಂತರವೂ ಹಿಗ್ಗಿತು. ಊರಿನಲ್ಲಿ ಹೊಸದಾಗಿ ಒಂದು ಅಕ್ಷರ ಕಲಿತ ಮಗು ಒಂದೂ ಇಲ್ಲ.

ಅಂತರವಿದೆ ಎಂದಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಖಾಸಗಿ ಶಾಲೆಗೆ ಕಳಿಸುವ ಮನೆಗಳಲ್ಲಿ ಸಾಮಾನ್ಯವಾಗಿ ಹಣವೂ ಓದಿದ ಪೋಷಕರೂ ಹೆಚ್ಚು. ಇದನ್ನು ಬೇರ್ಪಡಿಸಲು ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಶುಲ್ಕ ಕೊಡಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ನಾಲ್ಕು ವರ್ಷಗಳ ನಂತರ ತೆಲುಗು ಮತ್ತು ಗಣಿತದಲ್ಲಿ ಗೆದ್ದವರಿಗೂ ಸೋತವರಿಗೂ ವ್ಯತ್ಯಾಸವಿರಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಮುಂದಿದ್ದರು. ಖಾಸಗಿ ಶಾಲೆಗಳು ಇದನ್ನು ಕಡಿಮೆ ಖರ್ಚಿನಲ್ಲಿ ಸಾಧಿಸಿದ್ದವು ಎಂಬುದೂ ಅದೇ ಅಧ್ಯಯನದಲ್ಲಿದೆ. ಬರೀ ಸಮೀಕ್ಷೆಯ ಸರಾಸರಿಗಳಲ್ಲಿ ದೊಡ್ಡದಾಗಿ ಕಾಣುವ ಅಂತರದ ಬಹುಪಾಲು ಮನೆಯಿಂದ ಬಂದದ್ದು ಎಂಬ ಸೂಚನೆ ಇದರಲ್ಲಿದೆ.

ಅಂಕಿಗಳ ಮಿತಿ

ಮಾದರಿ ಚಿಕ್ಕದಾದಷ್ಟೂ ಅಂಕಿ ಅಲುಗಾಡುತ್ತದೆ. 100 ಮಕ್ಕಳನ್ನು ಕೇಳಿ ಶೇ. 40 ಎಂಬ ಉತ್ತರ ಬಂದರೆ ನಿಜವಾದ ಪ್ರಮಾಣ ಶೇ. 30ರಿಂದ 50ರ ನಡುವೆ ಎಲ್ಲಾದರೂ ಇರಬಹುದು. 2,500 ಮಕ್ಕಳನ್ನು ಕೇಳಿದರೆ ಈ ಅನಿಶ್ಚಿತತೆ ಆಚೀಚೆ 2 ಅಂಶಗಳಿಗೆ ಇಳಿಯುತ್ತದೆ. ಒಂದೇ ಊರಿನ, ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ವಾಸ್ತವದಲ್ಲಿ ಅದು ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ರಾಜ್ಯದ ಮಟ್ಟದಲ್ಲಿ ನಂಬಬಹುದಾದ ಸಮೀಕ್ಷೆಯನ್ನು ತಾಲ್ಲೂಕಿನ ಮಟ್ಟಕ್ಕೆ ಸೀಳಿ, ಒಂದೆರಡು ಅಂಶಗಳ ವ್ಯತ್ಯಾಸಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸರಿಯಲ್ಲ.

ಹೊಗಳಿಕೆ ತೆಗಳಿಕೆಗೆ ಅಂಕಿ ಬಳಕೆಯಾಗತೊಡಗಿದರೆ ಅಂಕಿಯೇ ಕೆಡುತ್ತದೆ. ಮಧ್ಯಪ್ರದೇಶದಲ್ಲಿ ಸರ್ಕಾರಿ ಮೌಲ್ಯಮಾಪನದ ಪ್ರಶ್ನೆಗಳನ್ನೇ ಅದೇ ಮಕ್ಕಳಿಗೆ ಸ್ವತಂತ್ರವಾಗಿ ಮತ್ತೆ ಕೇಳಿ ನೋಡಿದ ಅಧ್ಯಯನವೊಂದು, ಅಧಿಕೃತ ದಾಖಲೆಯಲ್ಲಿದ್ದ ಸಾಧನೆ ನೈಜ ಸಾಧನೆಗಿಂತ ಬಹಳ ಹೆಚ್ಚಿತ್ತು ಎಂದು ತೋರಿಸಿತು. ತಮ್ಮ ಶಾಲೆಯ ಅಂಕಕ್ಕೆ ತಾವೇ ಹೊಣೆಯಾಗುವವರು ಪರೀಕ್ಷೆ ನಡೆಸಿದಾಗ ಈ ಅಪಾಯ ಸದಾ ಇರುತ್ತದೆ. ಇನ್ನೊಂದು ಎಚ್ಚರ ಮಕ್ಕಳ ಖಾಸಗಿತನದ್ದು. ಜಾತಿ, ಅಂಗವೈಕಲ್ಯ, ಮನೆಯ ಸ್ಥಿತಿ ಇಂಥ ವಿವರಗಳು ಹೆಸರಿನ ಜೊತೆ ಹರಿದಾಡಿದರೆ ತರಗತಿಯಲ್ಲಿ ಮಗುವಿಗೆ ಹಣೆಪಟ್ಟಿ ಬೀಳುತ್ತದೆ. 18 ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಪಡೆಯುವುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಾಮಾನ್ಯ ನಿಯಮವಾಗಿಸಿದೆ. ಗುಂಪಿನ ಚಿತ್ರಕ್ಕಾಗಿ ನಡೆಯುವ ಸಮೀಕ್ಷೆಯಲ್ಲಿ ಹೆಸರು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ತರಗತಿಗೆ ಮರಳಿದಾಗ

ಸಮೀಕ್ಷೆಯ ಅಂಕಿ ಕಲಿಸುವ ಕ್ರಮವನ್ನೇ ಬದಲಿಸಿದ ಉದಾಹರಣೆಯೂ ಇದೆ. ಒಂದೇ ತರಗತಿಯಲ್ಲಿ ಕಥೆ ಓದುವವರಿಂದ ಹಿಡಿದು ಅಕ್ಷರ ಗುರುತಿಸಲಾಗದವರವರೆಗೆ ಎಲ್ಲ ಹಂತದ ಮಕ್ಕಳೂ ಇದ್ದಾರೆ ಎಂಬುದು ಅಸರ್ ಮತ್ತೆ ಮತ್ತೆ ತೋರಿಸಿದ ಸಂಗತಿ. ಎಲ್ಲರಿಗೂ ಒಂದೇ ಪಾಠ ಮಾಡಿದರೆ ಹಿಂದಿದ್ದವರಿಗೆ ಏನೂ ದಕ್ಕುವುದಿಲ್ಲ. ಅದಕ್ಕೆ ಉತ್ತರವಾಗಿ ಪ್ರಥಮ್ ರೂಪಿಸಿದ ವಿಧಾನದಲ್ಲಿ 3ರಿಂದ 5ನೇ ತರಗತಿಯ ಮಕ್ಕಳನ್ನು ದಿನದ ಸ್ವಲ್ಪ ಹೊತ್ತು ತರಗತಿಯ ಬದಲು ಕಲಿಕಾ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಲಾಗುತ್ತದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಸಹೋದ್ಯೋಗಿಗಳೊಂದಿಗೆ ಇದನ್ನು ಹಲವು ರಾಜ್ಯಗಳಲ್ಲಿ ಪ್ರಯೋಗಕ್ಕೊಡ್ಡಿ, ಸರಿಯಾಗಿ ನಡೆಸಿದರೆ ಓದು ಮತ್ತು ಲೆಕ್ಕ ಸುಧಾರಿಸುತ್ತವೆ ಎಂದು ಕಂಡುಕೊಂಡರು. ಕರ್ನಾಟಕದ 4 ಮತ್ತು 5ನೇ ತರಗತಿಗಳ ‘ಓದು ಕರ್ನಾಟಕ’ ಇದೇ ದಾರಿಯದು. ಕೊರೊನಾ ನಂತರ 2022-23ರಲ್ಲಿ ರಾಜ್ಯ ಕೈಗೊಂಡ ‘ಕಲಿಕಾ ಚೇತರಿಕೆ’ ಕೂಡ ಮಕ್ಕಳು ಕಳೆದುಕೊಂಡ ಹಿಂದಿನ ಹಂತಗಳನ್ನು ಮೊದಲು ತುಂಬಿಕೊಡುವ ಯತ್ನವಾಗಿತ್ತು.

ಇಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಿರಬೇಕು. ಯಾವ ಪ್ರದೇಶಕ್ಕೆ, ಯಾವ ತರಗತಿಗೆ, ಯಾವ ಗುಂಪಿಗೆ ಹೆಚ್ಚಿನ ಶಿಕ್ಷಕರೂ ಹಣವೂ ಬೇಕು ಎಂದು ನಿರ್ಧರಿಸಲು ರಾಜ್ಯ ಅಥವಾ ಜಿಲ್ಲೆಯ ಮಾದರಿ ಸಮೀಕ್ಷೆ ಸಾಕು. ಒಂದು ಕಾರ್ಯಕ್ರಮದಿಂದ ಫಲ ಸಿಕ್ಕಿತೇ ಎಂದು ತಿಳಿಯಲು, ಅದು ನಡೆದ ಮತ್ತು ನಡೆಯದ ಶಾಲೆಗಳನ್ನು ಮೊದಲೂ ನಂತರವೂ ಅಳೆದು ಹೋಲಿಸಬೇಕು. ತನ್ನ ತರಗತಿಯ ಯಾವ ಮಗುವಿಗೆ ನಾಳೆ ಏನು ಕಲಿಸಬೇಕು ಎಂಬುದಕ್ಕೆ ಶಿಕ್ಷಕಿ ತಾನೇ ಒಬ್ಬೊಬ್ಬರನ್ನೂ ಓದಿಸಿ ನೋಡಬೇಕು. ಆ ಉತ್ತರ ಯಾವ ರಾಷ್ಟ್ರೀಯ ವರದಿಯಲ್ಲೂ ಸಿಗುವುದಿಲ್ಲ.